ಹದಿನೇಳನೇ ಕಂಬ

ಬಾದಾಮಿಯೊಳಗ ಒಂದು ಲೈಟಿನ ಕಂಬ ನಡೂದಂದ್ರ
ಹುಡಗಾಟಿಕಿ ಅಲ್ಲ.
ಆರಡಿ ಕುಣಿ ತೋಡ್ರಿ ಅಂತ ಸಾಹೇಬರ ಹುಕುಂ,
ಮೂರಡಿಗೇ ಹಾರಿ ಠಣ್ ಅಂತೈತಿ.
ಮಣ್ಣು ಕೈಲೆ ಬಳದು ನೋಡಿದ್ರ
ಯಾವಕೀದೋ ಕಲ್ಲಿನ ಮೊಣಕೈ, ಮೂರು ಬಳಿ ಸಮೇತ.
ಕೆಲಸ ಬಂದ್.
ಪುರಾತತ್ವದವರಿಗೆ ನಮ್ಮ ಪತ್ರ, ನಮಗ ಅವರ ಪತ್ರ,
ಕುಣಿ ಮ್ಯಾಲೆ ತಗಡು,
ತಗಡಿನ ಮ್ಯಾಲೆ ಬಡಿಗೇರ ಓಣಿ ಬೆಕ್ಕು.

ನಾನು ಮುದಕಪ್ಪ, ಲೈನ್‌ಮನ್.
ಬಂದಾಗ ಬ್ಯಾಸಗಿ. ಬಂದ ವಾರದಾಗ
ಬದಲಿ ಕೇಳಿ ಅರ್ಜಿ ಬರದೆ:
ಕಲ್ಲು ಕಾಯತಾವು, ತಂತಿಗೆ ಮಂಗ್ಯಾ ಜೋತಾಡತಾವು,
ಹೊತ್ತು ಮುಣುಗಿದ್ರ ಊರಿಗೆ ಊರೇ ಆಕಳಸತೈತಿ.
ಅರ್ಜಿ ಹೋತು. ಎಲ್ಲಿ ಹೋತೋ.
ನಾನು ಇಲ್ಲೇ ಉಳದೆ, ಒಂದೊಂದು ಕಂಬ ಹತ್ತಿಕೋತ.

ಕಂಬದ ಮ್ಯಾಲಿಂದ ಊರು ಬ್ಯಾರೆ.
ಕೆಳಗ ಟಂಟಂ, ಬೋರ್ಡು, ಹಾರ್ನು;
ಮ್ಯಾಲ ಮಾಳಗಿ ಮ್ಯಾಲ ಮಾಳಗಿ,
ಒಣಾ ಹಾಕಿದ ಸಂಡಿಗಿ, ಅದರ ಕಾವಲಿಗೆ ಒಂದು ಹುಡುಗಿ
ಮಗ್ಗಿ ತಪ್ಪು ಹೇಳಿಕೋತ.
ಅತ್ತಕಡೆ ಎರಡು ಕೆಂಪು ಗುಡ್ಡದ ನಡುವ ಹೊಂಡ.
ಪಾವಟಿಗಿ ಮ್ಯಾಲ ಶಾವಕ್ಕ ಸೀರಿ ಬಡದ್ರ
ಒಂದು ಪೆಟ್ಟು ಅಕೀದು, ಇನ್ನೊಂದು ಗುಡ್ಡದ್ದು.
‘ಅರ್ಧಾ ಕೆಲಸ ಅದೇ ಮಾಡತೈತಿ ತಮ್ಮಾ,
ಪಗಾರ ಕೇಳೂದಿಲ್ಲ.’

ರಜಾಕಬಿ ಮನಿ ಹೊಚ್ಚಲದಾಗ ಅಕ್ಷರದ ಕಲ್ಲು.
ಓದಾಕ ಬಂದ ಮಾಸ್ತರ ಒಬ್ಬ ತಲಿ ಬಡಕೊಂಡ:
‘ತಲಿಕೆಳಗ ಮಾಡಿ ಹಚ್ಚೀರಲ್ಲ ಅಜ್ಜೀ!’
‘ಹೌದೇನು? ನಾಕು ತಲಿಮಾರು ದಾಟೇವಿ,
ಯಾರೂ ಎಡವಿಲ್ಲ’ ಅಂದ್ಲು.
ಮೀಟರ ನೋಡಾಕ ಹೋದಾಗ ನಾನೂ ದಾಟತೇನಿ.
ತುಳಿಯೂದಿಲ್ಲ.
ಯಾಕಂತ ಕೇಳಬ್ಯಾಡ್ರಿ.

ಗುಹೆ ನೋಡಾಕ ಬಂದಾವ ಒಬ್ಬ
ಕಂಬದ ಬುಡಕ ನಿಂತು ಕತ್ತೆತ್ತಿ ಕೇಳಿದ:
ಇಷ್ಟು ಹಳೇ ಊರಾಗ ಇರಾಕ ಹ್ಯಾಂಗ ಅನಸತೈತಿ?
ಬಾಯಾಗ ಪಕ್ಕಡ ಕಚ್ಚಿದ್ದೆ,
ಹೇಳಾಕ ಆಗಲಿಲ್ಲ.

ಈಗ ಹೇಳತೇನಿ, ಸಾಹೇಬರ ಕಿವಿಗೆ ಬೀಳಬಾರದು.
ಮಳಿಗಾಲದಾಗ ಫ್ಯೂಜು ಹೋಗತೈತಿ.
ಹೊಸಾ ತಂತಿ ಸುತ್ತತೇನಿ, ಎಲ್ಲಾ ತಯಾರು,
ಹಿಡಿಕಿ ಮ್ಯಾಲ ಕೈ.
ಹಾಕೂದಿಲ್ಲ. ನೂರು ಎಣಸತೇನಿ.

ಹತ್ತರೊಳಗ ಟಿ.ವಿ.ಗಳ ಜಗಳ ಆರತೈತಿ.
ಇಪ್ಪತ್ತಕ್ಕ, ಹಗಲೆಲ್ಲಾ ದೂರ ನಿಂತಿದ್ದ ಗುಡ್ಡ
ಓಣಿಯೊಳಗ ಒಂದು ಹೆಜ್ಜಿ ಇಡತೈತಿ.
ಯಾರೋ ಕಟ್ಟಿಗೆ ಬಂದು ಕೂಡತಾರ,
ಯಾರೋ ಆ ಮಾಳಗಿಯಿಂದ ಈ ಮಾಳಗಿಗೆ
‘ಉಂಡ್ರೇನ?’ ಅಂತಾರ.
ಅಕ್ಕ-ತಂಗಿ ಬಂಡಿಮ್ಯಾಲಿಂದ ಧುಮುಕೂ ಸಪ್ಪಳ
ಬಸ್‌ಸ್ಟ್ಯಾಂಡಿನ ತನಕ ಬರತೈತಿ.
ಹಳೇ ಗ್ವಾಡಿಗೆ ಬೆನ್ನು ಕೊಟ್ರ
ಮಳಿ ನಿಂತರೂ ಕಲ್ಲಿನೊಳಗ ಇನ್ನಾ ಮಧ್ಯಾಹ್ನ.
ಯಾವನೋ ಒಬ್ಬ ಕಲ್ಲುಕುಟಿಗ, ಹಿಂದಕ ಯಾವತ್ತೋ,
ಪಣತ್ಯಾಗ ಎಣ್ಣಿ ತೀರಿ ಉಳಿ ಬಾಜೂಕಿಟ್ಟು
ಹಿಂಗೇ ಬೆನ್ನು ಕೊಟ್ಟಿದ್ದಾನು;
ಬೆಳಗಿನ ಕೆಲಸ ನೆನಸಿ ಬೈದಿದ್ದಾನು.
ಎಂಬತ್ತೊಂದು. ಎಂಬತ್ತೆರಡು.
‘ಮುದಕಪ್ಪಾ, ಸತ್ಯೋ, ಬದಕಿದ್ಯೋ? ಲೈಟ್ ಹಾಕೋ!’

ಹೋದ ತಿಂಗಳ ಬಂತು, ಬದಲಿ ಹುಕುಂ.
ಏಳು ವರ್ಷದ ಮ್ಯಾಲ, ಹುಬ್ಬಳ್ಳಿಗೆ.
ಉತ್ತರ ಬರದೆ: ಹದಿನೇಳನೇ ಕಂಬದ ಕುಣಿ ಹಂಗೇ ಐತಿ,
ಪರವಾನಗಿ ಬಂದ ಮ್ಯಾಲ
ನಟ್ಟು, ಲೈನ್ ಜೋಡಿಸಿ, ಬರತೇನಿ.

ತಗಡು ಸರಿಸಿ ನೋಡಿದೆ.
ಬೆಕ್ಕು ಈದೈತಿ, ಮೂರು ಮರಿ.
ಮಳಿನೀರಿಗೆ ತೊಳದು ಬಳಿ ಎದ್ದು ಕಾಣತಾವು.
ಪರವಾನಗಿ ಬರದೇ ಇರಲಿ ಅಂತ
ಯಾರಿಗೆ ಬೇಡಿಕೊಳ್ಳೂದು?
ಈ ಊರಾಗ ದೇವರಿಗೇನು ಬರ ಇಲ್ಲ,
ಸಹಿ ಹಾಕಾಕ ಮಾತ್ರ
ಭಾಳ ಮಂದಿಗೆ ಕೈ ಇಲ್ಲ.