ತೊಳೆದ ಲಾರಿ

ಪೈಸಾಂದೂ ಊರಿನ ಆಸ್ಪತ್ರೆಯ ಹಿಂಬದಿ,
ಲಾಂಡ್ರಿಯ ಆವಿ ಕಿಟಕಿಗೆ ಬಡಿಯುವ ಕೋಣೆ ನನ್ನದು.
ಕುರ್ಚಿ ಐದು. ಒಂದಕ್ಕೊಂದು ಹೊಂದುವುದಿಲ್ಲ.
ಯಾರು ಎಲ್ಲಿ ಕೂರಬೇಕೆಂದು ನಾನು ಹೇಳುವುದಿಲ್ಲ.
ಕೂರುವುದರಲ್ಲೇ ಅರ್ಧ ಕತೆ ಹೊರಬೀಳುತ್ತದೆ.

ಎದಿಸನ್ ಬಾಗಿಲ ಪಕ್ಕ, ಟೋಪಿ ತೊಡೆಯ ಮೇಲೆ,
ಈಗಲೋ ಆಗಲೋ ಎದ್ದು ಹೋಗುವವನ ಹಾಗೆ.
ನೆಲ್ದಾ ನನ್ನೆದುರು, ಕೈಯಲ್ಲಿ ಕಾಗದದ ಕಟ್ಟು:
ಶಾಲೆಯ ಪತ್ರ, ರಕ್ತದ ವರದಿ, ತೂಕದ ಪಟ್ಟಿ.
ಕೆಟ್ಟ ಹೊಲಿಗೆ ಯಂತ್ರವನ್ನು ರಿಪೇರಿಗೆ ತಂದವಳಂತೆ
ಮಗಳನ್ನು ತೋರಿಸಿ "ಇವಳೇ" ಎಂದಳು.
ಹದಿನೈದರ ಮಿಲಾಗ್ರೋಸ್ ಕಿಟಕಿಯ ಕಡೆ ತಿರುಗಿದ್ದಳು.
ಏಳರ ಬಾಸ್ತಿಯನ್ ನೆಲದಲ್ಲಿ; ಅವನ ಕುರ್ಚಿಯಲ್ಲಿ
ಥರ್ಮಾಸ್ ಕೂತಿತ್ತು.

ಥರ್ಮಾಸ್ ಇಲ್ಲದೆ ಇಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ,
ಹೆರಿಗೆಗೂ, ಹೆಣ ಕಾಯುವುದಕ್ಕೂ.
ಸೋರೆಬುರುಡೆಯಲ್ಲಿ ಕಹಿ ಎಲೆ, ಒಂದೇ ಕೊಳವೆ, ಎಲ್ಲರ ತುಟಿ.
ಸುರಿಯುವವನು ಒಬ್ಬ; ಕುಡಿದು ಅವನಿಗೇ ಮರಳಿಸಬೇಕು.
ಸುಮ್ಮನೆ ಮರಳಿಸಿದರೆ ಮತ್ತೆ ಬರುತ್ತದೆ ಸರದಿ.
"ಗ್ರಾಸಿಯಾಸ್" ಅಂದಿರೋ, ಮುಗಿಯಿತು:
ಉಪಕಾರವಾಯಿತು ಎಂದರೆ ಇಲ್ಲಿ, ನನಗಿನ್ನು ಸಾಕು.

ಮೂರು ಗುರುವಾರ ಮಾತೆ ಸುತ್ತಿತು, ಮಾತು ಸುತ್ತಲಿಲ್ಲ.
ಮೊದಲ ಗುಟುಕಿಗೇ ಮಿಲಾಗ್ರೋಸ್: "ಗ್ರಾಸಿಯಾಸ್."
ನಾನೂ, ಹೇಳಿಬಿಡುತ್ತೇನೆ, ಮೂರು ಗುರುವಾರ
ತಾಯಿಯನ್ನೇ ನೋಡುತ್ತ ಕೂತಿದ್ದೆ.
ಇಪ್ಪತ್ತೆರಡು ವರ್ಷದ ಅನುಭವ;
ಕಣ್ಣು ಮಾತ್ರ ತಪ್ಪು ಕುರ್ಚಿಯ ಮೇಲೆ.

ನಾಲ್ಕನೆಯ ಸಲ, ನೆಲದಲ್ಲಿದ್ದವನನ್ನು ಕೇಳಿದೆ:
ಅಕ್ಕ ಬಾಗಿಲು ಹಾಕಿಕೊಂಡರೆ ಮನೆಯಲ್ಲಿ
ಯಾರಿಗೆ ಮೊದಲು ತಿಳಿಯುತ್ತದೆ?

"ನಾಯಿಗೆ."
ಆಮೇಲೆ?
"ನನಗೆ. ಆಮೇಲೆ ಅಮ್ಮ ರೇಡಿಯೊ ಜೋರು ಮಾಡ್ತಾಳೆ.
ಅಪ್ಪ ಹೋಗಿ ಲಾರಿ ತೊಳೀತಾನೆ.
ಬೆಳಿಗ್ಗೆ ತೊಳೆದಿದ್ದ ಲಾರಿನೇ."

ನೆಲ್ದಾ ನಕ್ಕಳು, ನಗು ಅರ್ಧಕ್ಕೆ ಮುರಿಯಿತು.
"ಅಳೋದು ಕೇಳಿಸದಿರಲಿ ಅಂತ ರೇಡಿಯೊ."
ಯಾರು ಅಳೋದು?
"ನಾನು."

ಎದಿಸನ್ ಟೋಪಿಯ ಅಂಚನ್ನು ಬೆರಳಲ್ಲಿ ತಿರುಗಿಸಿದ,
ಒಂದು ಸುತ್ತು, ಎರಡು.
ಲಾಂಡ್ರಿಯ ಯಂತ್ರ ನಿಂತು ಮತ್ತೆ ಶುರುವಾಯಿತು.
ಟೋಪಿಗೇ ಹೇಳುವವನಂತೆ ಹೇಳಿದ:

"ಹದಿನಾರಕ್ಕೆ ನಾನೂ ಒಂದು ಚಳಿಗಾಲ ಪೂರ್ತಿ
ಒಳಗೇ ಇದ್ದೆ. ಯಾಕೆ ಅಂತ ಈಗಲೂ ಗೊತ್ತಿಲ್ಲ.
ಅಪ್ಪ ಸ್ಕ್ರೂಡ್ರೈವರ್ ತಂದ. ಕದ ಕಳಚಿ
ಕೋಳಿಗೂಡಿಗೆ ಹಾಕಿದ. ಹೋಗುವವರು ಬರುವವರು
ನಿಂತು ನೋಡೋರು, ಮಲಗಿದ್ದವನನ್ನ.
ಅವತ್ತೇ ಆಣೆ ಇಟ್ಟುಕೊಂಡೆ. ನನಗೆ ಮಕ್ಕಳಾದರೆ
ಅವರ ಕದ ಮುಟ್ಟೋದಿಲ್ಲ."

ಹದಿನೇಳು ವರ್ಷದ ಸಂಸಾರ;
ನೆಲ್ದಾ ಇದನ್ನು ಕೇಳಿದ್ದು ಈಗ.

ಮಿಲಾಗ್ರೋಸ್ ತಿರುಗಲಿಲ್ಲ.
ಗಾಜಿನ ಮೇಲಿನ ಆವಿಗೆ ಹೇಳಿದಳು:
"ಕದ ತೆಗೀಬೇಕಾಗಿರಲಿಲ್ಲ.
ತಟ್ಟಬಹುದಿತ್ತಲ್ಲ."

ನನ್ನ ಬಳಿ ಇಂಥ ಹೊತ್ತಿಗೆಂದೇ ಕಲಿತ ನಾಲ್ಕು ವಾಕ್ಯಗಳಿವೆ.
ನಾಲ್ಕನ್ನೂ ನುಂಗಿಕೊಂಡು ಕೂತೆ.
ನನಗೆ ಸಂಬಳ ಕೊಡುವುದು ಅದಕ್ಕೇ ಇರಬೇಕು.

ಎದಿಸನ್ ಬುರುಡೆಗೆ ನೀರು ಸುರಿದ, ಕೈ ನಡುಗಿ
ಸ್ವಲ್ಪ ತೊಡೆಗೂ ಬಿತ್ತು. ಚಾಚಿದ.
ಅವಳು ಹೀರಿದಳು, ಕೊಳವೆ ಗೊರಗೊರ ಅನ್ನುವ ತನಕ.
ಮರಳಿಸಿದಳು. ಗ್ರಾಸಿಯಾಸ್ ಅನ್ನಲಿಲ್ಲ.
"ನೀರು ಆರಿಹೋಗಿದೆ," ಅಂದಳು.
ಕಡತದಲ್ಲಿ ಅದನ್ನೇ ಬರೆದೆ, ತಾರೀಖು ಹಾಕಿ.

ತೂಕ ಏರಿರಲಿಲ್ಲ. ಮುಂದಿನ ಗುರುವಾರ ಅವರು ಬರಲೇ ಇಲ್ಲ;
ಕಿತ್ತಳೆಯ ಸುಗ್ಗಿ, ಲಾರಿ ಮೊಂತೆವಿದೇಯೊ ದಾರಿಯಲ್ಲಿ.
ಅದರಾಚೆಯ ಗುರುವಾರ ಥರ್ಮಾಸ್ ನೆಲಕ್ಕಿಳಿದಿತ್ತು,
ಬಾಸ್ತಿಯನ್ ಕುರ್ಚಿಯ ಮೇಲೆ, ಸುದ್ದಿ ಓದುವವನ ಗತ್ತಿನಲ್ಲಿ:

"ದಿನಾ ರಾತ್ರಿ ಅಪ್ಪ ಎರಡು ಸಲ ತಟ್ತಾನೆ.
ಅಕ್ಕ 'ಹೋಗು' ಅಂತಾಳೆ. ಹೋಗ್ತಾನೆ.
ಲಾರಿ ಮಾತ್ರ ಸಿಕ್ಕಾಪಟ್ಟೆ ಕೊಳೆಯಾಗಿದೆ."