ಬೆಳಕು ತಾಗಿದ್ದು

ನುಕುಸ್ ಪೇಟೆಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುವ
ಪರಾಖಾತ್ ಮೇಷ್ಟ್ರು, ಅಕ್ಟೋಬರಿನ ಒಂದು ಭಾನುವಾರ
ಕತ್ತಲಿರುವಾಗಲೇ ನಮ್ಮನ್ನು ಬಾಡಿಗೆ ವ್ಯಾನಿಗೆ ತುಂಬಿದರು.
ಶಿಷ್ಯರು ನಾಲ್ವರು. ಕ್ಯಾಮೆರಾ ಒಂದು. ರೋಲು ಒಂದು.
ಮೂವತ್ತಾರು ಕ್ಲಿಕ್ಕು, ತಲೆಗೆ ಒಂಬತ್ತು.
“ಹತ್ತನೆಯದಕ್ಕೆ ಕೈ ಹಾಕಿದವರು
ಊರಿಗೆ ನಡೆದು ಬನ್ನಿ.”

ಕರೆಯದೆ ಬಂದವಳು ಅವರ ಅಜ್ಜಿ, ಬೀಬಿಸಾರಾ.
ಮಡಿಲಲ್ಲೊಂದು ಖರಬೂಜ, ನಿದ್ದೆಹೋದ ಮಗುವಿನ ತೂಕ.

ಹತ್ತಿಯ ಹೊಲ ಮುಗಿಯಿತು, ಕಾಲುವೆ ಮುಗಿಯಿತು,
ನೆಲ ಬೆಳ್ಳಗೆ ಉಪ್ಪು ಕಾರತೊಡಗಿತು.
ಆಮೇಲೆ ದೂರದಲ್ಲಿ ಕಲಾ.
ಕೋಟೆಗೆ ನಾವು ಕಲಾ ಅನ್ನುತ್ತೇವೆ.
ಕಲ್ಲಲ್ಲ ಅದು, ಹಸಿಮಣ್ಣು, ಹುಲ್ಲು, ಬಿಸಿಲು;
ಎರಡು ಸಾವಿರ ವರ್ಷ ಗಾಳಿ
ಬಾಯಲ್ಲಿಟ್ಟು ಚೀಪಿದ ಸಕ್ಕರೆಯ ಗಟ್ಟಿ.

ದೌಲೆತ್ ಸೂರ್ಯ ಇಣುಕಿದ್ದೇ ತಡ
ಒಂಬತ್ತನ್ನೂ ಖರ್ಚು ಮಾಡಿ ಕೈ ಕೊಡವಿದ.
ಜುಲ್ದಿಜ್ ಕಣ್ಣಿಗೆ ಕ್ಯಾಮೆರಾ ಒತ್ತಿ
ಗಂಟೆಗಟ್ಟಲೆ ನೋಡಿದಳು, ಎರಡೇ ಸಲ ಉಸಿರು ಬಿಗಿಹಿಡಿದಳು.
ನಾನು ಸರದಿ ಕಾಯುತ್ತ ಸುತ್ತಿದೆ.
ಕಾಲಿಟ್ಟಲ್ಲೆಲ್ಲ ಮಡಕೆಚೂರು, ಕರಕರ.
ಒಂದರ ಅಂಚಿನಲ್ಲಿ ಹೆಬ್ಬೆರಳು ಒತ್ತಿದ ತಗ್ಗು.
ನನ್ನದನ್ನು ಇಟ್ಟು ನೋಡಿದೆ, ಹಿಡಿಸಲಿಲ್ಲ.
ಆಗ ನನಗೆ ಹದಿನಾಲ್ಕು.
ಮಾಡಿದವರು ಇನ್ನೂ ಚಿಕ್ಕವರು.

ನಡುಹಗಲು ನೆರಳುಗಳೆಲ್ಲ ಗೋಡೆಯೊಳಗೆ ಹೋದವು.
“ಇದು ಪಾಸ್‌ಪೋರ್ಟ್ ಬೆಳಕು,” ಮೇಷ್ಟ್ರು ಟೋಪಿ ಮುಖಕ್ಕೆಳೆದುಕೊಂಡರು,
“ಮುಖ ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ. ಮಲಗಿ.”

ಖರಬೂಜ ಸೀಳುತ್ತ ಅಜ್ಜಿ, ಯಾರಿಗೂ ಅಲ್ಲ ಎಂಬಂತೆ:
“ಮಾಸ್ಕೋದವರು ಅಗೆಯಲು ಬಂದಾಗ
ನಾನು ಇಲ್ಲೇ ಮಣ್ಣಿನ ಬುಟ್ಟಿ ಹೊತ್ತೆ.
ದಿನಕ್ಕೊಂದು ರೊಟ್ಟಿ ಕೂಲಿ.
ಇದೇ ಕೋಣೆ. ಮಣ್ಣು ಸರಿಸಿದರೆ ಗೋಡೆಯ ಮೇಲೆ ಹುಡುಗಿ,
ಕೆಂಪಂಗಿ, ಕೈಯಲ್ಲಿ ಮೀನು.
ಈಗಷ್ಟೇ ಹಿಡಿದಳೇನೋ, ಮೀನು ಅಷ್ಟು ಒದ್ದೆ.
ಚಿತ್ರ ಬರೆದುಕೊಳ್ಳುವವನು ಡೇರೆಗೆ ಓಡಿದ, ಹಾಳೆ ತರಲು.
ಅವನು ಬರುವಷ್ಟರಲ್ಲಿ ಮೀನು ಇರಲಿಲ್ಲ.
ಸಂಜೆಗೆ ಅವಳೂ.
ಮುಚ್ಚಿಟ್ಟಷ್ಟು ದಿನ ಇದ್ದಳು, ನೋಡು.
ತಿನ್ನು, ಈ ತುಂಡು ಸಿಹಿ.”

ಇಳಿಬಿಸಿಲಿಗೆ ನನ್ನ ಸರದಿ ಬಂತು.
ಗೋಡೆಯ ಒಂದೊಂದು ಇಟ್ಟಿಗೆಗೂ ಹುಬ್ಬು ಮೂಡಿತ್ತು,
ತೂತಿನಿಂದ ತೂತಿಗೆ ಹಕ್ಕಿ.
ಎಂಟು ತೆಗೆದೆ. ಎಂಟೂ ಗೆದ್ದವು ಅನ್ನಿಸಿತು.
ಒಂಬತ್ತಕ್ಕೆ ಸನ್ನೆ ಕೂತುಬಿಟ್ಟಿತು, ಅಲುಗದು.
ಬೆಳಕು ಜಾರುತ್ತಿದೆ, ಮೇಷ್ಟ್ರು ದೂರದಲ್ಲಿದ್ದಾರೆ,
ಬೆರಳಿಗೆ ಅವಸರ.
ಹಿಂಬಾಗಿಲು ತೆರೆದೆ.

ಒಂದು ಕಣ್ಣೆವೆ ಬಡಿಯುವಷ್ಟು ಹೊತ್ತು
ನೇರಳೆಬೂದು ಪಟ್ಟಿ, ಅದರ ಮೇಲೆ ಇಡೀ ಸೂರ್ಯ.
ಟಪ್ಪನೆ ಮುಚ್ಚಿದೆ.
ಯಾರೂ ನೋಡಲಿಲ್ಲ. ಅಜ್ಜಿ ನೋಡಿದಳು.
ಸಿಪ್ಪೆಗಳನ್ನು ಕರವಸ್ತ್ರದಲ್ಲಿ ಕಟ್ಟಿದಳು,
ಗಂಟನ್ನು ಎರಡು ಸಲ ಬಿಗಿದಳು.

ಮಂಗಳವಾರ ಕತ್ತಲೆಕೋಣೆಯ ಹಗ್ಗಕ್ಕೆ ನೇತುಬಿದ್ದ ರೋಲು:
ನನ್ನವು ಕಪ್ಪು. ಜುಲ್ದಿಜಳವೂ ಕಪ್ಪು.
ಸುರುಳಿಯ ಹೊಟ್ಟೆಯಲ್ಲಿದ್ದ ದೌಲೆತನವು ಮಾತ್ರ,
ಅಂಚು ಸುಟ್ಟ ರೊಟ್ಟಿಯಂತೆ, ಉಳಿದಿದ್ದವು.
ಒಂಬತ್ತರಲ್ಲೂ ಸೂರ್ಯ, ಸೂರ್ಯ, ಸೂರ್ಯ.
ಆರನೆಯದರ ಮೂಲೆಯಲ್ಲಿ, ಅವನಿಗೂ ತಿಳಿಯದೆ,
ಬೋಳುಗೋಡೆಯ ಮುಂದೆ ಬೀಬಿಸಾರಾ.
ಕಂಕುಳಲ್ಲಿ ಖರಬೂಜ.
ಇನ್ನೊಂದು ಕೈ ಎತ್ತಿದ್ದಾಳೆ,
ಅಂಗೈ ಗೋಡೆಗೆ ತಾಗಿಲ್ಲ,
ಒಂದು ಕೆನ್ನೆಯಷ್ಟು ಜಾಗ ಬಿಟ್ಟಿದೆ.

“ಯಾರು ತೆರೆದದ್ದು?” ಕೇಳಿದರು ಮೇಷ್ಟ್ರು.
ಹೇಳಿದೆ.
ಬಯ್ಯಲಿಲ್ಲ. ಆ ಒಂದನ್ನೇ ದೊಡ್ಡದು ಮಾಡಿ
ಅಂಗಡಿ ಕಿಟಕಿಯಲ್ಲಿ, ಮದುಮಗಳ ಪಟಗಳ ನಡುವೆ ತೂಗುಹಾಕಿದರು.
ಗಿರಾಕಿಗಳು ಕೇಳುತ್ತಿದ್ದರು, ಮುದುಕಿ ಯಾರಿಗೆ ಕೈ ತೋರಿಸುತ್ತಿದ್ದಾಳೆ?

ಆರು ವರ್ಷದ ಮೇಲೆ ನನ್ನ ಪಾಸ್‌ಪೋರ್ಟ್‌ಗೂ ಅವರೇ.
ಸ್ಟೂಲಿನ ಮೇಲೆ ಕೂರಿಸಿ, ಗದ್ದ ಹಿಡಿದು ತಿರುಗಿಸಿ ಅಂದರು:
“ಕಣ್ಣು ತೆರೆದಿರು.
ಬೇರೇನನ್ನೂ ತೆರೆಯಬೇಡ.”