ಕುದಿಸದ ಒಂದು ಚಮಚ

ನಮ್ಮ ಮನೆಯಲ್ಲಿ ಸಾಸಿವೆಗೆ ಇದ್ದದ್ದು ಒಂದೇ ಕೆಲಸ:
ಎಣ್ಣೆ ಕಾದಾಗ ಸಿಡಿಯುವುದು,
ಸಿಡಿದು ಕರಿಬೇವಿಗೆ ಜಾಗ ಬಿಡುವುದು.
ಅರೆದು ಕೋಳಿಗೆ ಬಳಿಯಬಹುದು ಅಂತ ಹೇಳಿದವನು
ಶಕ್ತಿನಗರದ ಪ್ಲಾಂಟಿನ ಫಿಟ್ಟರ್, ಒಡಿಶಾದ ಗೋಲಕ ಬೆಹೆರಾ.
ನಮ್ಮ ಬಂಡಿಯ ಮುಂದೆ ನಿಂತು, ಸುಟ್ಟ ಕಾಲು ಕಚ್ಚುತ್ತಾ,
ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ
ಇಲ್ಲದ ಒಂದು ಒಳಕಲ್ಲನ್ನು ಗಾಳಿಯಲ್ಲೇ ತಿರುವಿ ತೋರಿಸಿದ.

ಎಂಟು ದಿನ ನನಗೆ ಅದೇ ಧ್ಯಾನ.

ಮೌಲಾಸಾಬನ ಅಂಗಡಿಯಲ್ಲಿ ಕಪ್ಪು ಪಾವು ಕಿಲೋ, ಹಳದಿ ಪಾವು ಕಿಲೋ.
"ಉಪ್ಪಿನಕಾಯಿಗೇನ್ ಅಕ್ಕಾ?"
"ಅಲ್ಲಪಾ, ಕೋಳಿಗೆ."
ತಕ್ಕಡಿ ಹಿಡಿದೇ ನಕ್ಕ.
ಸಾವಿಲ್ಲದ ಮನೆಯ ಸಾಸಿವೆಯಲ್ಲ ಇದು,
ಇಲಿ ಕಡಿದ ಚೀಲದ್ದು. ಮೂರು ಸಲ ಕೇರಿದೆ, ಎರಡು ಸಲ ತೊಳೆದೆ.
ದೇವಸುಗೂರಲ್ಲಿ ತೊಳೆದದ್ದನ್ನು ಒಣಗಿಸುವುದೂ ಒಂದು ಯುದ್ಧ;
ಮಾಳಿಗೆಯ ಮೇಲೆ ಹಾಸಿದ್ದೆಲ್ಲ ಸಂಜೆಗೆ ಚಿಮಣಿಯ ಬಣ್ಣ.
ಒಳಗೆ ಮಂಚದ ಮೇಲೆ ಹರವಿ ಫ್ಯಾನು ಹಾಕಿದೆ.
ಉರುಕುಂದಪ್ಪ ಆ ರಾತ್ರಿ ನೆಲದ ಮೇಲೆ ಮಲಗಿದ.

ಉರುಕುಂದಪ್ಪ ನನ್ನ ಗಂಡ.
ಎರಡು ವರ್ಷದ ಹಿಂದೆ ಜ್ವರ ಬಂತು, ಹೋಯಿತು,
ಹೋಗುವಾಗ ವಾಸನೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು.
ಬಳ್ಳಾರಿ ಜಾಲಿಯ ಇದ್ದಿಲು ಹದಕ್ಕೆ ಬಂದದ್ದನ್ನು
ಓಣಿಯ ಆಚೆಯಿಂದ ಹೇಳುತ್ತಿದ್ದವನು
ಈಗ ಎಲ್ಲದಕ್ಕೂ ನನ್ನ ಕರೆಯುತ್ತಾನೆ:
"ಬಳ್ಳೊಳ್ಳಿ ಹೊತ್ತ್ಯಾದೇನು ನೋಡು."
ನಾನು ಅವನ ಮೂಗು. ಸಂಬಳವಿಲ್ಲದ ಮೂಗು.
ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಾನೆ, ಹೌದು.
ಕೆಮ್ಮು ಗಂಟಲಿನ ಸುದ್ದಿ. ಮೂಗಿಗೆ ಯಾರೂ ಏನೂ ಹೇಳುವುದಿಲ್ಲ.

ತಣ್ಣೀರಲ್ಲೇ ಅರೆಯಬೇಕು;
ಬಿಸಿನೀರು ಸೋಕಿದರೆ ಸಾಸಿವೆ ಸುಮ್ಮನಾಗಿಬಿಡುತ್ತದೆ.
ಉಪ್ಪು, ಚಿಟಿಕೆ ಅರಿಶಿನ,
ಮಿಕ್ಸಿ ತಿರುಗಿಸಿ, ನಿಲ್ಲಿಸಿ, ತಿರುಗಿಸಿ
ನಾಲಗೆಗಿಟ್ಟರೆ ಬರೀ ಕಹಿ.
ಕೆಟ್ಟಿತು ಅಂದುಕೊಂಡೆ. "ರುಕೋ ಭಾಭೀ" ಅಂದಿದ್ದ ಬೆಹೆರಾ.
ಮುಚ್ಚಿಟ್ಟು ಬಟ್ಟೆ ಒಗೆಯಲು ಹೋದೆ.

ಮುಚ್ಚಳ ತೆಗೆದವನು ಅವನು. ಉಪ್ಪು ನೋಡುತ್ತೇನೆ ಅಂತ ಬಗ್ಗಿದ.
ತಲೆ ಹಿಂದಕ್ಕೆ ಹೋಯಿತು, ಯಾರೋ ಹಣೆಗೆ ಕೊಟ್ಟ ಹಾಗೆ.
ಎರಡೂ ಕಣ್ಣಲ್ಲಿ ನೀರು. ಗೋಡೆಗೆ ಒರಗಿ, ಮೂಗಿನ ಮೂಲ ಹಿಡಿದು,
"ಇಲ್ಲಿ," ಅಂದ. "ಇಲ್ಲಿ ಏನೋ ಬಂತು."
"ವಾಸನೀ?"
"ಅಲ್ಲ. ಗುದ್ದು."
ಮತ್ತೆ ಬಗ್ಗಿದ.

ಅದು ಬೇರೆ ನರ, ಉರಿಯ ನರ, ಅಂದರು ರಾಯಚೂರಿನ ಡಾಕ್ಟರು.
ಆಸೆ ಇಟ್ಟುಕೋಬೇಡಿ.
ಇಟ್ಟುಕೊಂಡಿಲ್ಲ.

ಆದರೆ ಸಾಸು ಆಗಬೇಕಲ್ಲ, ಶನಿವಾರದ ಗಿರಾಕಿಗೆ.
ಬೆಲ್ಲ, ಸಿರ್ಕಾ, ಜಜ್ಜಿದ ಬಳ್ಳೊಳ್ಳಿ, ಖಾರದ ಪುಡಿ,
ಸಣ್ಣ ಉರಿಯಲ್ಲಿ, ಸೌಟಿನ ಬೆನ್ನಿಗೆ ಅಂಟುವ ತನಕ.
ಕುದಿ ಹತ್ತಿದ ಹಾಗೆ ಸಾಸಿವೆಯ ಸಿಟ್ಟು ಇಳಿಯುತ್ತದೆ,
ಸಿಹಿ ಮುಂದೆ ಬರುತ್ತದೆ, ಅದರ ಸೆರಗು ಹಿಡಿದು ಹುಳಿ.
ಒಳ್ಳೆಯ ಸಾಸು ಅಂದರೆ ಅದೇ:
ತಿಂದವನು ಬೆರಳು ನೆಕ್ಕಬೇಕು, ಅಳಬಾರದು.
ಅಂದರೆ ಅವನಿಗೆ ಸಿಕ್ಕ ಒಂದನ್ನೂ
ನಾನೇ ಒಲೆಯ ಮೇಲಿಟ್ಟು ಕಳೆಯಬೇಕು.

ಸೌಟು ಹಿಡಿದು ಸ್ವಲ್ಪ ಹೊತ್ತು ನಿಂತೆ.
ಅತ್ತೆಯ ಸುಣ್ಣದ ಡಬ್ಬಿ ಹುಡುಕಿ, ಬೂದಿ ಹಾಕಿ ತಿಕ್ಕಿ,
ಕುದಿಸದ ಒಂದು ಚಮಚ ಅದರಲ್ಲಿ ತೆಗೆದಿಟ್ಟೆ.

ಈಗ ಹಳದಿ ಸಾಸು ಅಂತಲೇ ಕೇಳುತ್ತಾರೆ ಬಂಡಿಗೆ ಬಂದವರು.
ಬೆಹೆರಾ ತಟ್ಟೆ ಒರೆಸಿ ತಿಂದು, "ನಮ್ಮೂರಿನದಲ್ಲ" ಅಂದ,
ಇನ್ನೊಂದು ಪ್ಲೇಟು ಹೇಳಿದ.
ಉರುಕುಂದಪ್ಪ ನಡುನಡುವೆ ಬಂಡಿಯ ಕತ್ತಲ ಮಗ್ಗುಲಿಗೆ ತಿರುಗಿ
ಡಬ್ಬಿ ತೆಗೆಯುತ್ತಾನೆ. ತಲೆ ಹಿಂದಕ್ಕೆ ಹೋಗುತ್ತದೆ.
ತೋಳಿಗೆ ಕಣ್ಣೊರೆಸಿಕೊಂಡು ಬರುತ್ತಾನೆ.
"ಹೊಗಿ ಭಾಳ ಅದ ಅಲ್ಲಣ್ಣಾ," ಅನ್ನುತ್ತಾನೆ ಒಬ್ಬ ಹುಡುಗ.
"ಹೂಂ, ಭಾಳ ಅದ."
ಆಮೇಲೆ ನನ್ನ ಕಡೆ, ಮೊದಲಿನ ಹಾಗೇ:
"ಬಳ್ಳೊಳ್ಳಿ ಹೊತ್ತ್ಯಾದೇನು?"
ಮೂಸುತ್ತೇನೆ.
ಇಲ್ಲ. ಇನ್ನೂ ಇಲ್ಲ.